ಕೇಪಿನ ಕೋವಿಗೆ ಒಂಟಿ ಗುಂಡು: ತುಂಬುವ ಮುಂಚೆ ಈ ಲೆಕ್ಕ ನೋಡಿ

ಗದ್ದೆಯಲ್ಲಿ ಭತ್ತ ಹಾಲುಗಟ್ಟುವ ಹೊತ್ತಿಗೆ ನನ್ನ ಫೋನಿಗೆ ಒಂದೇ ತರದ ಮೆಸೇಜ್ ಬರೋಕೆ ಶುರುವಾಗುತ್ತೆ. "ಅಣ್ಣಾ, ಹಂದಿ ಕಾಟ ತಡೆಯೋಕಾಗ್ತಿಲ್ಲ. ಚರೆ ಹೊಡೆದ್ರೆ ಮೈ ಕೊಡವಿಕೊಂಡು ಹೋಗುತ್ತೆ. ಅಜ್ಜನ ಕಾಲದ ಕೇಪಿನ ಕೋವಿ ಇದೆ, ಅದಕ್ಕೆ ಒಂಟಿ ಗುಂಡು ಹಾಕಬಹುದಾ? ಸ್ಲಗ್ ಹಾಕಿದ್ರೆ ಹೇಗೆ?" ಕೇಳುವವರು ಹೆಚ್ಚಾಗಿ 25-30ರ ಹುಡುಗರು. ಹೊರದೇಶದವರು ಬಾಯಿಂದ ಮದ್ದು ತುಂಬುವ ಕೋವಿಗೆ ಗುಂಡು ಹಾಕಿ ಹಲಗೆ ಒಡೆಯುವ ವಿಡಿಯೋ ನೋಡಿರ್ತಾರೆ.

ನಾನು ಓದಿದ್ದು ತೋಟಗಾರಿಕೆ. ಕಾಲೇಜಿನಲ್ಲಿ ಬೇಲಿಯ ಪಾಠ ಇತ್ತು, ಕೋವಿಯ ಪಾಠ ಇರಲಿಲ್ಲ. ಊರಿಗೆ ಬಂದು ಸಾವಯವ ಶುರು ಮಾಡಿದ ಮೇಲೆ ಮನೆಯ ಕೇಪಿನ ಕೋವಿಯ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಆಗ ಊರಿನ ಹಳೇ ಈಡುಗಾರರ ಹತ್ತಿರ ಕೂತು ಕಲಿತೆ, ಜೊತೆಗೆ ಒಂದಿಷ್ಟು ಓದಿದೆ. ಅದರಿಂದ ನನಗೆ ತಿಳಿದದ್ದು ಇಷ್ಟು: ಬೆಳೆ ಕಾವಲಿಗೆ ಒಂಟಿ ಗುಂಡು ಬೇಡ. ಆದರೆ ಸುಮ್ಮನೆ ಬೇಡ ಅಂದರೆ ಯಾರೂ ಕೇಳಲ್ಲ. ಅದಕ್ಕೇ ಕಾರಣ ಸಮೇತ ಹೇಳ್ತೀನಿ. ಏನು ತುಂಬಿದರೂ ತಪ್ಪಿಸಬಾರದ ಕ್ರಮವನ್ನೂ ಹೇಳ್ತೀನಿ.

ಗುಂಡಿನ ತೂಕ ಎಷ್ಟು ಗೊತ್ತಾ?

ಕೋವಿಗೆ 12 ನಂಬರ್, 16 ನಂಬರ್ ಅಂತೀವಲ್ಲ, ಆ ನಂಬರ್ ಬಂದಿದ್ದೇ ಒಂಟಿ ಗುಂಡಿನಿಂದ. ಒಂದು ಪೌಂಡ್ ಸೀಸವನ್ನು, ಅಂದರೆ ಸುಮಾರು 454 ಗ್ರಾಂ ಸೀಸವನ್ನು 12 ಸಮ ಗುಂಡು ಮಾಡಿದರೆ ಒಂದು ಗುಂಡು ಯಾವ ನಳಿಗೆಗೆ ಸರಿಯಾಗಿ ಕೂರುತ್ತೋ ಅದು 12 ನಂಬರ್. 16 ಗುಂಡು ಮಾಡಿದರೆ ಗುಂಡು ಚಿಕ್ಕದು, ನಳಿಗೆಯೂ ಚಿಕ್ಕದು. ಅದಕ್ಕೇ ನಂಬರ್ ಹೆಚ್ಚಾದಷ್ಟು ನಳಿಗೆ ಸಣ್ಣ.

12 ನಂಬರಿನ ನಳಿಗೆಯ ಒಳಅಳತೆ ಸುಮಾರು 18.5 ಮಿಲಿಮೀಟರ್. ಅದಕ್ಕೆ ಬಿಗಿಯಾಗಿ ಕೂರುವ ಸೀಸದ ಗುಂಡು ಸುಮಾರು 38 ಗ್ರಾಂ ತೂಗುತ್ತೆ. ಅದೇ ಕೋವಿಗೆ ಸಾಮಾನ್ಯವಾಗಿ ಹಾಕುವ ಚರೆ ಸುಮಾರು 32 ಗ್ರಾಂ. ಅಂದರೆ "ಒಂದೇ ಒಂದು ಗುಂಡು ತಾನೇ" ಅಂತ ಹಾಕಿದ್ದು ಒಂದು ಹಿಡಿ ಚರೆಗಿಂತ ಭಾರ. ಭಾರ ಹೆಚ್ಚಾದರೆ ನಳಿಗೆಯ ಬುಡದ ಮೇಲೆ ಬೀಳುವ ಒತ್ತಡವೂ ಹೆಚ್ಚು.

ಇನ್ನೊಂದು ವಿಷಯ. ನಮ್ಮ ಮನೆಗಳಲ್ಲಿರುವ ಎಷ್ಟೋ ಕೋವಿಗಳು ಕೈಕೆಲಸದವು. ಒಂದರ ಅಳತೆ ಇನ್ನೊಂದಕ್ಕಿಲ್ಲ. ಮಧ್ಯೆ ತುಕ್ಕು ತಿಂದಿರುತ್ತೆ, ಎಲ್ಲೋ ಸಣ್ಣ ತಗ್ಗು ಬಿದ್ದಿರುತ್ತೆ. ಚರೆ ಸಡಿಲವಾದ ಕಾಳು, ತಗ್ಗು-ದಿಣ್ಣೆಗೆ ಹೊಂದಿಕೊಂಡು ಜಾರಿ ಹೋಗುತ್ತೆ. ಗುಂಡು ಹಾಗಲ್ಲ. ಬಿಗಿಯಾದರೆ ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತೆ, ಸಡಿಲವಾದರೆ ಉರುಳಿ ಮುಂದಕ್ಕೆ ಬರುತ್ತೆ. ಎರಡೂ ಅಪಾಯವೇ.

ಮದ್ದಿಗೂ ಗುಂಡಿಗೂ ನಡುವೆ ಜಾಗ ಬಿಟ್ಟರೆ

ಕೇಪಿನ ಕೋವಿಯ ಅತಿ ದೊಡ್ಡ ನಿಯಮ ಇದೇ: ಗುಂಡು ಮದ್ದಿನ ಮೇಲೆ ಗಟ್ಟಿಯಾಗಿ ಕೂತಿರಬೇಕು, ನಡುವೆ ಖಾಲಿ ಜಾಗ ಇರಬಾರದು.

ಯಾಕೆ ಅನ್ನೋದನ್ನ ನಿಮ್ಮ ಪಂಪ್‌ಸೆಟ್‌ನಿಂದಲೇ ತಿಳ್ಕೊಳ್ಳಿ. ಪೈಪಿನಲ್ಲಿ ನೀರು ರಭಸವಾಗಿ ಹರಿಯುವಾಗ ವಾಲ್ವ್ ಧಡಕ್ಕನೆ ಮುಚ್ಚಿದರೆ ಏನಾಗುತ್ತೆ? ಪೈಪ್ ಅದುರುತ್ತೆ, ಕೆಲವು ಸಲ ಜಾಯಿಂಟ್ ಒಡೆದೇ ಹೋಗುತ್ತೆ. ಗುಂಡು ಮದ್ದಿಗೆ ಅಂಟಿಕೊಂಡಿದ್ದರೆ ಹೊಗೆ ಹುಟ್ಟುತ್ತಲೇ ಅದನ್ನು ತಳ್ಳಿಕೊಂಡು ಹೋಗುತ್ತೆ. ಗುಂಡು ಒಂದು ಗೇಣು ಮುಂದಿದ್ದರೆ ಬಿಸಿ ಗಾಳಿ ಮೊದಲು ವೇಗ ಹಿಡಿದು, ಆಮೇಲೆ ನಿಂತಿರುವ ಗುಂಡಿಗೆ ಗುದ್ದುತ್ತೆ. ಆ ಗುದ್ದು ಬೀಳುವ ಜಾಗದಲ್ಲಿ ನಳಿಗೆ ಉಬ್ಬುತ್ತೆ, ಇಲ್ಲಾ ಸೀಳುತ್ತೆ. ಎಡಗೈ ಇರೋದು ಆ ನಳಿಗೆಯ ಕೆಳಗೇ ಅನ್ನೋದು ನೆನಪಿರಲಿ. ನಮ್ಮ ಪಕ್ಕದ ಊರಿನ ಒಬ್ಬ ಹಿರಿಯರಿಗೆ ಎಡಗೈಯಲ್ಲಿ ಎರಡು ಬೆರಳಿಲ್ಲ. ಸಂಜೆ ಗುಂಡು ತುಂಬಿದ್ದರು. ಗದ್ದೆಯ ಅಂಚಿನಲ್ಲಿ ನಡೆಯುವಾಗ ನಳಿಗೆಯ ಬಾಯಿ ಕೆಳಗಿತ್ತು, ಗುಂಡು ಜಾರಿ ಬಂದಿದ್ದು ಗೊತ್ತಾಗಲಿಲ್ಲ. "ಕೋವಿ ನಂದೇ, ಮದ್ದು ನಂದೇ, ಗುಂಡೂ ನಾನೇ ಹಾಕಿದ್ದು. ಯಾರ ಮೇಲೆ ಸಿಟ್ಟು ಮಾಡ್ಲಿ?" ಅಂತ ಅವರು ಈಗಲೂ ಹೇಳ್ತಾರೆ.

ಜೋಡಿ ನಳಿಗೆಯ ಕೇಪಿನ ಕೋವಿ ಇದ್ದವರಿಗೆ ಇನ್ನೂ ಒಂದು ಎಚ್ಚರಿಕೆ. ಒಂದು ನಳಿಗೆ ಹಾರಿಸಿದಾಗ ಬರುವ ಒದೆತಕ್ಕೆ ಇನ್ನೊಂದು ನಳಿಗೆಯಲ್ಲಿರುವ ಗುಂಡು ಮುಂದಕ್ಕೆ ಸರಿಯಬಹುದು. ಎರಡನೇ ಈಡಿಗೆ ಮುಂಚೆ ಕೇಪು ತೆಗೆದು, ಗಜ ಇಳಿಸಿ ನೋಡಲೇಬೇಕು. ಕತ್ತಲಲ್ಲಿ, ಹಂದಿ ಎದುರಿಗಿರುವಾಗ ಇದನ್ನೆಲ್ಲ ಯಾರು ನೋಡ್ತಾರೆ ಹೇಳಿ?

ಸ್ಲಗ್ ಹಾಕೋದು ಇನ್ನೂ ತಪ್ಪು

ಸ್ಲಗ್ ಅನ್ನೋದು ತೋಟಾ ಕೋವಿಗೆ ಮಾಡಿದ ವಸ್ತು. ಜರ್ಮನಿಯ ವಿಲ್ಹೆಲ್ಮ್ ಬ್ರೆನೆಕೆ 1898ರಲ್ಲಿ ಮಾಡಿದ ಸ್ಲಗ್, ಆಮೇಲೆ ಅಮೆರಿಕದ ಕಾರ್ಲ್ ಫಾಸ್ಟರ್ 1931ರಲ್ಲಿ ಮಾಡಿದ್ದು, ಇವೆರಡೂ ಹೆಸರುವಾಸಿ. ಫಾಸ್ಟರ್ ಸ್ಲಗ್ ಬೆರಳಿಗೆ ಹಾಕುವ ಟೋಪಿಯ ಹಾಗೆ, ಮುಂದೆ ದಪ್ಪ ಸೀಸ, ಹಿಂದೆ ಟೊಳ್ಳು. ಮೂತಿ ಭಾರ ಇರೋದರಿಂದ ಶಟಲ್ ಕಾಕ್ ತರ ಮೂತಿ ಮುಂದಾಗಿ ನೇರ ಹೋಗುತ್ತೆ. ಮೈಮೇಲಿನ ಗೀರುಗಳು ಅದನ್ನು ಬುಗುರಿ ತರ ತಿರುಗಿಸೋಕೆ ಅಂತ ಹಲವರು ತಿಳಿದಿದ್ದಾರೆ. ಅವುಗಳ ಮುಖ್ಯ ಕೆಲಸ ಬೇರೆ: ನಳಿಗೆಯ ಬಾಯಿ ಸ್ವಲ್ಪ ಕಿರಿದಾಗಿದ್ದರೆ ಸೀಸ ಅಮುಕಿಕೊಂಡು ದಾಟೋಕೆ ಜಾಗ ಕೊಡೋದು.

ತೋಟಾದೊಳಗೆ ಸ್ಲಗ್ಗು, ಮದ್ದು, ನಡುವಿನ ಬಿರಡೆ ಎಲ್ಲ ಫ್ಯಾಕ್ಟರಿಯಲ್ಲಿ ಅಳೆದು ಕೂರಿಸಿರ್ತಾರೆ. ಅದನ್ನು ಒಡೆದು ಸ್ಲಗ್ ಮಾತ್ರ ತೆಗೆದು ಕೇಪಿನ ಕೋವಿಗೆ ಇಳಿಸಿದರೆ ಆ ಲೆಕ್ಕ ಎಲ್ಲ ಹೋಯ್ತು. ಟೊಳ್ಳು ಬುಡ ಹಿಡಿತ ಇಲ್ಲದೆ ನಳಿಗೆಯಲ್ಲಿ ಸಡಿಲ ಕೂರುತ್ತೆ, ಜಾರುತ್ತೆ, ಮತ್ತೆ ಅದೇ ಖಾಲಿ ಜಾಗದ ಕಥೆ.

ಇದಕ್ಕಿಂತ ದೊಡ್ಡ ಅನಾಹುತ ಅಂದರೆ ಆ ತೋಟಾದ ಮದ್ದನ್ನೂ ಕೇಪಿನ ಕೋವಿಗೆ ಸುರಿಯೋದು. ಈಗಿನ ತೋಟಾಗಳಲ್ಲಿ ಇರೋದು ಹೊಗೆ ಕಡಿಮೆ ಬರುವ ಬೇರೆ ಜಾತಿಯ ಮದ್ದು. ಅದು ಕಪ್ಪು ಮದ್ದಿನ ತರ ಅಲ್ಲ, ಒತ್ತಡ ಬಹಳ ಹೆಚ್ಚು. ಕಪ್ಪು ಮದ್ದಿಗೆ ಮಾಡಿದ ಹಳೇ ನಳಿಗೆ ಅದನ್ನು ತಡೆಯೋಲ್ಲ. ಅಳತೆ ಕಡಿಮೆ ಮಾಡಿ ಹಾಕ್ತೀನಿ ಅನ್ನೋ ಜಾಣತನವೂ ಬೇಡ. ಕೇಪಿನ ಕೋವಿಗೆ ಕಪ್ಪು ಮದ್ದು ಬಿಟ್ಟು ಬೇರೇನೂ ಇಲ್ಲ. ಅದನ್ನೂ ಲೈಸೆನ್ಸ್ ಇರುವ ಅಂಗಡಿಯಿಂದಲೇ, ನಿಮ್ಮ ಪುಸ್ತಕದಲ್ಲಿ ಬರೆದಷ್ಟೇ ತನ್ನಿ. ಮನೆಯಲ್ಲಿ ಅರೆದ ಮದ್ದು ಅಪರಾಧ, ಅದರ ಜೋರು ಎಷ್ಟು ಅಂತ ಅರೆದವನಿಗೂ ಗೊತ್ತಿರಲ್ಲ.

ನಿಮ್ಮ ಜಮೀನಿಗಿಂತ ಗುಂಡಿನ ದಾರಿ ಉದ್ದ

ಒಂದು ಎಕರೆಯನ್ನು ಚೌಕ ಮಾಡಿದರೆ ಒಂದು ಬದಿ 64 ಮೀಟರ್ ಕೂಡ ಆಗಲ್ಲ. ಹತ್ತು ಎಕರೆ ಚೌಕವಾದರೂ ಬದಿ ಸುಮಾರು 200 ಮೀಟರ್, ಅಷ್ಟೇ.

ಈಗ ಗುಂಡಿನ ಲೆಕ್ಕ. ಫ್ರಾನ್ಸಿನ ಜನರಲ್ ಜೂರ್ನೆ ಹೆಸರಿನಲ್ಲಿ ಒಂದು ಹಳೇ ಅಂದಾಜು ಸೂತ್ರ ಇದೆ: ಗುಂಡಿನ ಅಡ್ಡಳತೆಯನ್ನು ಇಂಚಿನಲ್ಲಿ ತಗೊಂಡು 2200ರಿಂದ ಗುಣಿಸಿದರೆ, ಅದು ಹೆಚ್ಚೆಂದರೆ ಎಷ್ಟು ಗಜ ದೂರ ಹೋಗಿ ಬೀಳಬಹುದು ಅನ್ನೋದು ಸಿಗುತ್ತೆ. 0.13 ಇಂಚಿನ ಚರೆಗೆ 286 ಗಜ, ಅಂದರೆ ಸುಮಾರು 260 ಮೀಟರ್. 0.7 ಇಂಚಿನ ಒಂಟಿ ಗುಂಡಿಗೆ 1540 ಗಜ, ಅಂದರೆ ಸುಮಾರು 1400 ಮೀಟರ್. ಕೇಪಿನ ಕೋವಿಯ ವೇಗ ಕಡಿಮೆ ಇದ್ದು ಅಷ್ಟು ದೂರ ಹೋಗದೆ ಇರಬಹುದು. ಆದರೆ ಜೀವದ ವಿಷಯದಲ್ಲಿ ಯಾವಾಗಲೂ ದೊಡ್ಡ ಅಂಕಿಯನ್ನೇ ಹಿಡೀಬೇಕು.

1400 ಮೀಟರ್ ಅಂದರೆ ನಿಮ್ಮ ಗದ್ದೆ, ಪಕ್ಕದ ತೋಟ, ಹಳ್ಳ, ಆಚೆ ದಿಬ್ಬದ ಲೈನ್ ಮನೆಗಳು ಎಲ್ಲ ಸೇರಿತು. ಹಂದಿ ಕಾಯೋಕೆ ನೀವೊಬ್ಬರೇ ಕೂತಿರಲ್ಲ ಅನ್ನೋದೂ ನೆನಪಿಡಿ. ಆಚೆ ಗದ್ದೆಯ ಮಾಳದಲ್ಲಿ ಇನ್ನೊಬ್ಬ ಬ್ಯಾಟರಿ ಆರಿಸಿಕೊಂಡು ಕೂತಿರ್ತಾನೆ. ಪೊದೆ ಅಲುಗಾಡಿದ್ದು ನೋಡಿ ಹಂದಿ ಅಂತ ಹೊಡೆದು ಜೊತೆಗಾರನನ್ನೇ ಕಳೆದುಕೊಂಡ ಸುದ್ದಿ ಮಲೆನಾಡಿನಲ್ಲಿ ಎಷ್ಟು ಸಲ ಓದಿಲ್ಲ ನಾವು?

ಗುರಿಯೂ ಅಷ್ಟಕ್ಕಷ್ಟೇ. ರೈಫಲ್ ನಳಿಗೆಯೊಳಗೆ ಸುರುಳಿ ಗೆರೆ ಇರುತ್ತೆ, ಗುಂಡು ತಿರುಗುತ್ತಾ ನೇರ ಹೋಗುತ್ತೆ. ನಮ್ಮ ಕೋವಿಯ ಒಳಮೈ ನುಣುಪು. ಸಡಿಲ ಗುಂಡು ನಳಿಗೆಯ ಗೋಡೆಗೆ ಅತ್ತ ಇತ್ತ ತಾಗುತ್ತಾ ಹೋಗಿ, ಕೊನೆಗೆ ಯಾವ ಕಡೆ ತಾಗಿತೋ ಅದರ ಮೇಲೆ ದಾರಿ ಬದಲಿಸುತ್ತೆ. ಮುಂದೆ ಒಂದೇ ಒಂದು ನೊಣ, ಹಿಂದೆ ಗುರಿ ನೋಡೋಕೆ ಏನೂ ಇಲ್ಲ, ಸುತ್ತ ಕತ್ತಲು. ಹೊಟ್ಟೆಗೋ ಕಾಲಿಗೋ ಬಿದ್ದು ಗಾಯಗೊಂಡ ಹಂದಿ ಬೆಳಗ್ಗೆ ಸೊಪ್ಪಿಗೆ ಹೋದ ಹೆಂಗಸರ ಮೇಲೆ ಬಿದ್ದರೆ ಯಾರು ಹೊಣೆ?

ಲೈಸೆನ್ಸ್ ಇರೋದು ಯಾಕೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಮಾತು ಇದೆ. ನಿಮ್ಮ ಪುಸ್ತಕದಲ್ಲಿ ಎಸ್‌ಬಿಎಂಎಲ್ ಅಂತ ಬರೆದಿದ್ದರೆ ಅದು ಒಂಟಿ ನಳಿಗೆಯ, ಬಾಯಿಂದ ತುಂಬುವ ಕೋವಿ. ಡಿಬಿಎಂಎಲ್ ಅಂದರೆ ಜೋಡಿ ನಳಿಗೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದನ್ನು 2029ರವರೆಗೆ ಮುಂದುವರಿಸಿದ್ದಾರೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ ಮಾತ್ರ, ಬೇಟೆಗೆ ಅಲ್ಲ.

ಹುಡುಗರು ಎಡವೋದು ಇಲ್ಲೇ. ಕೋವಿ ಲೈಸೆನ್ಸ್ ಅಂದರೆ ಬೇಟೆಯ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದಮೇಲೆ ಕಾಡುಹಂದಿ 2ನೇ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯ ಅಂತಾದರೆ ಅದನ್ನು ಹೊಡೆಯೋಕೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಅನುಮತಿ ಬೇಕು. ಆನೆ, ಕಾಟಿ 1ನೇ ಪಟ್ಟಿಯವು, ಅವುಗಳ ಕಡೆ ಕೋವಿ ತಿರುಗಿಸುವ ಮಾತೇ ಇಲ್ಲ. ಪ್ರಾಣಿ ಮೈಮೇಲೆ ಬಂದು ಜೀವ ಉಳಿಸಿಕೊಳ್ಳೋಕೆ ಹೊಡೆದರೆ ಕಾನೂನಿನಲ್ಲಿ ರಕ್ಷಣೆ ಇದೆ. ಆದರೆ ಗುಂಡು ತುಂಬಿಕೊಂಡು ಅಟ್ಟಣೆ ಮೇಲೆ ಕಾದು ಕೂತವನು "ಜೀವ ಉಳಿಸಿಕೊಂಡೆ" ಅಂದರೆ ಯಾರು ನಂಬ್ತಾರೆ?

ಇನ್ನೂ ಎರಡು ಮಾತು. 21 ವರ್ಷ ತುಂಬದವರು ಲೈಸೆನ್ಸ್ ಪಡೆಯೋಕಾಗಲ್ಲ. ಅಪ್ಪನ ಹೆಸರಿನ ಲೈಸೆನ್ಸ್ ಮಗನಿಗೆ ತಾನಾಗೇ ಬರೋದೂ ಇಲ್ಲ. ಅಪ್ಪ ತೀರಿಕೊಂಡಿದ್ದರೆ ಕೋವಿಯನ್ನು ಅಟ್ಟದ ಮೇಲೆ ಬಿಡದೆ ಠಾಣೆಗೆ ಒಪ್ಪಿಸಿ, ಡಿಸಿ ಕಚೇರಿಯಲ್ಲಿ ಅರ್ಜಿ ಹಾಕಿ. ಮದುವೆ, ಹಬ್ಬದಲ್ಲಿ ಸಂಭ್ರಮಕ್ಕೆ ಬೇಜವಾಬ್ದಾರಿಯಿಂದ ಗಾಳಿಯಲ್ಲಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿ ಪ್ರಕಾರ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ತುಂಬುವಾಗ ತಪ್ಪಿಸಬಾರದ ಕ್ರಮ

ಬೆದರಿಸೋಕೆ ಬರೀ ಮದ್ದು ಹಾಕಿದರೂ ಈ ಕ್ರಮ ಬೇಕೇ ಬೇಕು. ಮದ್ದಿನ ಅಳತೆ ನಾನು ಹೇಳಲ್ಲ. ಅದು ನಿಮ್ಮ ನಳಿಗೆಯನ್ನು ಕೈಯಲ್ಲಿ ಹಿಡಿದು ನೋಡಿದ ಲೈಸೆನ್ಸ್‌ದಾರ ಕೋವಿ ರಿಪೇರಿಯವರು ಹೇಳಬೇಕಾದ್ದು.

1. ಮೊದಲು ಗಜಕ್ಕೆ ಗುರುತು ಹಾಕಿ. ಖಾಲಿ ನಳಿಗೆಗೆ ಗಜ ಇಳಿಸಿ, ಬಾಯಿಯ ಮಟ್ಟಕ್ಕೆ ಒಂದು ಗೆರೆ. ಸರಿಯಾದ ಈಡು ತುಂಬಿದ ಮೇಲೆ ಇನ್ನೊಂದು ಗೆರೆ. ಆಮೇಲೆ ಯಾವಾಗ ಗಜ ಇಳಿಸಿದರೂ ಖಾಲಿಯೋ, ತುಂಬಿದೆಯೋ, ಎರಡು ಸಲ ತುಂಬಿದೆಯೋ, ನಡುವೆ ಜಾಗ ಬಿಟ್ಟಿದೆಯೋ ಅಂತ ಒಂದೇ ನೋಟಕ್ಕೆ ತಿಳಿಯುತ್ತೆ. ಖರ್ಚು: ಒಂದು ತೊಟ್ಟು ಪೇಂಟ್.

2. ತುಂಬುವಾಗ ಕೇಪು ಇರಬಾರದು. ಕೇಪು ಯಾವತ್ತೂ ಕೊನೆಗೆ, ಕೂರುವ ಜಾಗಕ್ಕೆ ಹೋದ ಮೇಲೆ.

3. ಮದ್ದಿನ ಡಬ್ಬಿಯಿಂದ ನೇರ ನಳಿಗೆಗೆ ಸುರೀಬೇಡಿ. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಸಿಡಿಯುತ್ತೆ. ಬೇರೆ ಅಳತೆಯ ಬಟ್ಟಲಿಗೆ ಹಾಕಿ, ಡಬ್ಬಿ ಮುಚ್ಚಿ ದೂರ ಇಟ್ಟು, ಆಮೇಲೆ ಸುರಿಯಿರಿ. ಬೀಡಿ ಸೇದುವವರು ಹತ್ತಿರ ಬೇಡ.

4. ಮದ್ದಿನ ಮೇಲೆ ಕತ್ತ ಅಥವಾ ಕಾಗದದ ಉಂಡೆ ಹಾಕಿ, ಗಜದಿಂದ ಬುಡದವರೆಗೆ ಒತ್ತಿ. ಮುಖ, ಎದೆ ನಳಿಗೆಯ ಬಾಯಿಗೆ ಎದುರು ಇರಬಾರದು. ಗಜವನ್ನು ಅಂಗೈಯಿಂದ ಗುದ್ದಬೇಡಿ, ಬೆರಳಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಒತ್ತಿ.

5. ಯಾವುದೇ ವಸ್ತು ಅರ್ಧದಲ್ಲಿ ಸಿಕ್ಕಿಕೊಂಡರೆ ಅಲ್ಲಿಗೇ ನಿಲ್ಲಿಸಿ. "ಹಾರಿಸಿದ್ರೆ ಹೋಗುತ್ತೆ ಬಿಡು" ಅನ್ನೋ ಮಾತೇ ಬೆರಳು ತೆಗೆಯೋದು.

6. ತುಂಬಿದ ಕೋವಿಯನ್ನು ಮನೆಯೊಳಗೆ ತರಬೇಡಿ. ಕೇಪು ತೆಗೆದರೆ ಸಾಕು ಅಂತ ಗೋಡೆಗೆ ಒರಗಿಸಬೇಡಿ. ಮಕ್ಕಳಿಗೆ ಕೇಪು ಎಲ್ಲಿದೆ ಅಂತ ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ.

ಈಡು ಹಾರದಿದ್ದರೆ

ಕೇಪು ಸಿಡಿದು ಈಡು ಹಾರಲಿಲ್ಲ ಅಂದರೆ ಕೋವಿ ಕೆಳಗಿಳಿಸಬೇಡಿ, ಬಾಯಿ ಇಣುಕಬೇಡಿ. ಮಳೆಗಾಲದಲ್ಲಿ ಮದ್ದು ತೇವ ಹಿಡಿದು ತಡವಾಗಿ ಹತ್ತಿಕೊಳ್ಳುವುದುಂಟು. ಬಾಯಿಯನ್ನು ಧರೆಯ ಕಡೆಗೇ ಹಿಡಿದು ಕನಿಷ್ಠ 2 ನಿಮಿಷ ಕಾಯಿರಿ. ಆಮೇಲೆ ಕೇಪು ಕೂರುವ ತೂತಿಗೆ ಸೂಜಿ ಹಾಕಿ ಶುಚಿ ಮಾಡಿ, ಹೊಸ ಕೇಪಿನಿಂದ ಮೆತ್ತನೆ ಮಣ್ಣಿನ ಧರೆಗೆ ಹಾರಿಸಿ. ಆಗಲೂ ಆಗದಿದ್ದರೆ ರಿಪೇರಿಯವರನ್ನೇ ಕರೆಸಿ. ಮೇಲಿನಿಂದ ಇನ್ನೊಂದು ಸಲ ಮದ್ದು ಸುರಿಯುವ ಯೋಚನೆ ಬೇಡವೇ ಬೇಡ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸೋಕೆ ಹೋಗ್ತೀರಲ್ಲ, ಅವತ್ತು ಮನೆಯಿಂದ ಹೊರಡುವ ಮೊದಲು ಗಜ ಇಳಿಸಿ ಖಾಲಿ ಗೆರೆ ನೋಡಿಯೇ ಹೊರಡಿ. ಎಷ್ಟೋ ಮನೆಗಳಲ್ಲಿ ಹೋದ ವರ್ಷ ತುಂಬಿದ ಈಡು ಹಾಗೇ ಇರುತ್ತೆ, ತುಂಬಿದವರಿಗೇ ಮರೆತಿರುತ್ತೆ.

ಹಾರಿಸಿದ ದಿನವೇ ತೊಳೆಯಬೇಕು. ಕಪ್ಪು ಮದ್ದು ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ, ಉಪ್ಪಾಗಿ ಉಳಿಯುತ್ತೆ. ಆ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತೆ. ನಮ್ಮ ಮಲೆನಾಡಿನ ಜುಲೈ ತಿಂಗಳಲ್ಲಿ ಒಂದು ರಾತ್ರಿ ಸಾಕು, ಒಳಗೆ ತುಕ್ಕು. ಬಿಸಿನೀರಿನಲ್ಲಿ ತೊಳೆದು, ಬಟ್ಟೆ ಸುತ್ತಿದ ಗಜದಿಂದ ಒಣಗಿಸಿ, ಎಣ್ಣೆ ಸವರಿ. ಮುಂದಿನ ಸಲ ತುಂಬುವ ಮೊದಲು ಆ ಎಣ್ಣೆ ಒರೆಸೋದೂ ಮರೀಬೇಡಿ.

ಹಾಗಾದರೆ ಹಂದಿಗೆ ಏನು ಮಾಡೋದು?

ಕೇಪಿನ ಕೋವಿಯ ನಿಜವಾದ ಬಲ ಅದರ ಸದ್ದು ಮತ್ತು ಮದ್ದಿನ ವಾಸನೆ. ಬರೀ ಮದ್ದು, ಮೇಲೊಂದು ಉಂಡೆ, ಧರೆಯ ಕಡೆ ಒಂದು ಈಡು. ಸುಮ್ಮನೆ ಸದ್ದು ತಾನೇ ಅಂತ ಮೈಮರೆಯಬೇಡಿ. ಹತ್ತಿರದಲ್ಲಿ ಆ ಉಂಡೆಯೇ ಕಣ್ಣು ತೆಗೆಯಬಹುದು. ಬೇಸಿಗೆಯಲ್ಲಿ ಅದು ಉರಿಯುತ್ತಾ ಹೋಗಿ ದರಗಿಗೆ ಬಿದ್ದರೆ ಬೆಂಕಿ.

ಒಂದೇ ಹೊತ್ತಿಗೆ, ಒಂದೇ ಜಾಗದಿಂದ ದಿನಾ ಹೊಡೆದರೆ ಹಂದಿ ವಾರದಲ್ಲೇ ಕಲಿತುಬಿಡುತ್ತೆ. ನಾನು ಜಾಗ, ಹೊತ್ತು ಬದಲಿಸ್ತೀನಿ, ಬೆಳೆ ತುಂಬುವ ಕೊನೆಯ 3-4 ವಾರ ಮಾತ್ರ ಬಳಸ್ತೀನಿ. ಉಳಿದ ಕೆಲಸ ಬೇಲಿಯದು: ಹಂದಿ ನುಗ್ಗುವ ಕಡೆ ನೆಲಕ್ಕೆ ಹತ್ತಿರದಲ್ಲಿ ತಂತಿ ಎಳೆದ ಸೋಲಾರ್ ಬೇಲಿ, ತಂತಿಯ ಕೆಳಗಿನ ಹುಲ್ಲು ಹದಿನೈದು ದಿನಕ್ಕೊಮ್ಮೆ ಸವರೋದು. ಕರೆಂಟ್ ಲೈನಿನಿಂದ ನೇರ ತಂತಿ ಎಳೆಯೋದು ಮಾತ್ರ ಬೇಡ, ಅದು ಕೊಲೆಗೆ ಸಮ.

ಬೆಳೆ ಹಾಳಾದರೆ ಬೆಳಗ್ಗೆಯೇ ಹಂದಿ ಹೆಜ್ಜೆ, ಕೆದಕಿದ ಗುಂಡಿ, ಮುರಿದ ಗಿಡ ಎಲ್ಲದರ ಫೋಟೋ ತೆಗೆಯಿರಿ, ಫೋನಿನ ಲೊಕೇಶನ್ ಆನ್ ಇರಲಿ. ಪಹಣಿ ಜೊತೆ ಅರಣ್ಯ ಇಲಾಖೆಯಲ್ಲಿ ಬೆಳೆ ಪರಿಹಾರಕ್ಕೆ ಅರ್ಜಿ ಹಾಕಿ. ಸಿಗುವ ದುಡ್ಡು ನಷ್ಟದ ಅರ್ಧವನ್ನೂ ತುಂಬಲ್ಲ ಅನ್ನೋ ನಿಮ್ಮ ಸಿಟ್ಟು ನನಗೂ ಇದೆ. ಆದರೂ ಹಾಕಿ. ಅರ್ಜಿಯೇ ಇಲ್ಲದಿದ್ದರೆ ಕಾಗದದಲ್ಲಿ ನಮ್ಮೂರಲ್ಲಿ ಹಂದಿ ಕಾಟವೇ ಇಲ್ಲ ಅಂತಾಗುತ್ತೆ. ಹೊಡೆಯುವ ಅನುಮತಿ ಕೇಳೋಕೂ ಇದೇ ದಾಖಲೆ ಆಧಾರ.

ಸಾವಯವದವರಿಗೆ ಕೊನೆಯ ಮಾತು. ಮಣ್ಣಿಗೆ ಒಂದು ಚಮಚ ರಾಸಾಯನಿಕ ಹಾಕಲ್ಲ ಅಂತೀವಿ, ಒಂದು ಈಡಿಗೆ 32 ಗ್ರಾಂ ಸೀಸ ಚೆಲ್ಲುತ್ತೀವಿ. ಸೀಸ ಕರಗಿ ಮಾಯವಾಗುವ ವಸ್ತುವಲ್ಲ. ಅಮೆರಿಕದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆಯನ್ನು 1991ರಿಂದ ದೇಶಪೂರ್ತಿ ನಿಲ್ಲಿಸಿದ್ದಾರೆ, ಯುರೋಪಿನ ಒಕ್ಕೂಟ 2023ರಿಂದ ಜೌಗು ಪ್ರದೇಶದಲ್ಲಿ ನಿಲ್ಲಿಸಿದೆ. ನಮ್ಮ ಗದ್ದೆಯೂ ನೀರು ನಿಲ್ಲುವ ಜಾಗವೇ ಅಲ್ವಾ?

ಹಂದಿ ತಿಂದ ಭತ್ತ ಮುಂದಿನ ವರ್ಷ ಮತ್ತೆ ಬೆಳೆಯುತ್ತೆ. ಇವತ್ತೇ ಸಂಜೆ ಕೋವಿ ಕೆಳಗಿಳಿಸಿ, ಕೇಪು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಗಜ ಇಳಿಸಿ ನೋಡಿ. ಖಾಲಿ ಇದ್ದರೆ ಗೆರೆ ಎಳೆಯಿರಿ. ಖಾಲಿ ಇಲ್ಲದಿದ್ದರೆ ಈ ಲೇಖನ ಓದಿದ್ದು ಸಾರ್ಥಕ ಆಯ್ತು ಅಂದ್ಕೊಳ್ಳಿ.